ಎಲ್ಲರ ಪಟ್ಟಿಯಲ್ಲೂ ಅದೇ ಹೆಸರುಗಳು

ಚೈನ್ ಲಿಂಕ್ ಬಿಸಿನೆಸ್ಸಿಗೆ, ಅಂದರೆ ಮಾಲು ಮಾರುತ್ತ ಜೊತೆಗೆ ಹೊಸ ಮಾರಾಟಗಾರರನ್ನೂ ಸೇರಿಸುತ್ತ ಹೋಗುವ ವ್ಯಾಪಾರಕ್ಕೆ, ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಒಂದು ಹೋಂವರ್ಕ್ ಕೊಡುತ್ತಿದ್ದರು. ಒಂದು ನೋಟ್‌ಬುಕ್ ತಗೊಳ್ಳಿ, ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ. ನೆಂಟರು, ಶಾಲೆಯ ಗೆಳೆಯರು, ಕಿರಾಣಿ ಅಂಗಡಿಯವರು, ಮನೆಯ ಕಾರ್ಯಕ್ಕೆ ಕರೆಯುವವರು, ಯಾರನ್ನೂ ಬಿಡಬೇಡಿ. ‘ಇವರು ಸೇರಲಿಕ್ಕಿಲ್ಲ’ ಅಂತ ನೀವೇ ಹೆಸರು ಹೊಡೆದು ಹಾಕಬೇಡಿ.

ಈ ಪಾಠ ತಯಾರು ಮಾಡಿದವರು ಶಿರಸಿ ಸೀಮೆ ನೋಡಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಕಡೆ ಒಂದೇ ಊರಿನ ಹತ್ತು ಜನ ಬೇರೆ ಬೇರೆ ಮೂಲೆಯಲ್ಲಿ ಕೂತು ಪಟ್ಟಿ ಬರೆದರೂ ಹತ್ತರಲ್ಲೂ ಅವೇ ಹೆಸರು ಬರುತ್ತವೆ. ನನ್ನ ಭಾವನ ದೊಡ್ಡಪ್ಪನ ಮಗ ನನ್ನ ಪಟ್ಟಿಯಲ್ಲಿರುತ್ತಾನೆ, ಪಕ್ಕದ ಮನೆಯವನ ಪಟ್ಟಿಯಲ್ಲೂ ಇರುತ್ತಾನೆ, ಸೊಸೈಟಿಯ ಕ್ಲಾರ್ಕಿನ ಪಟ್ಟಿಯಲ್ಲೂ ಇರುತ್ತಾನೆ. ಪಾಪ, ಅವನ ಮನೆಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಬೈಕು ಬರುತ್ತದೆ. ಈ ವ್ಯವಹಾರ ನಮ್ಮಲ್ಲಿ ಅಷ್ಟು ಬೇಗ ಹಬ್ಬಿದ್ದಕ್ಕೂ ಅಷ್ಟೇ ಬೇಗ ಬಿದ್ದದ್ದಕ್ಕೂ ಕಾರಣ ಇದೇ ಅಂತ ನನ್ನ ಲೆಕ್ಕಾಚಾರ. ಮೋಸ, ದುರಾಸೆ, ಕಾನೂನು ಎಲ್ಲ ಆಮೇಲಿನ ಮಾತು.

ನಮ್ಮೂರಿಗೆ ಬಂದ ಕಂಪನಿಗಳ ಹೆಸರು ಇಲ್ಲಿ ಬೇಡ. ಅರ್ಧದಷ್ಟು ಕಂಪನಿಗಳು ಈಗ ಇಲ್ಲ, ಉಳಿದವು ಬೋರ್ಡು ಬದಲಿಸಿವೆ. ಹೆಸರು ಯಾವುದಾದರೇನು, ಮೂಲದ ಪ್ಲಾನು ಒಂದೇ. ಅದು ಅಮೆರಿಕದಲ್ಲಿ 1940ರ ದಶಕದಲ್ಲಿ ವಿಟಮಿನ್ ಗುಳಿಗೆ ಮಾರಲು ಹುಟ್ಟಿದ್ದು. ಮಾರುವವನಿಗೆ ಮಾಲಿನ ಮೇಲೆ ಕಮಿಷನ್ ಸಿಗುತ್ತದೆ. ಅವನು ಸೇರಿಸಿದ ಮಾರಾಟಗಾರರು ಮಾರಿದ್ದರಲ್ಲೂ ಅವನಿಗೊಂದು ಪಾಲು. ಆ ವಿಟಮಿನ್ ಮಾರುತ್ತಿದ್ದ ಇಬ್ಬರು ಗೆಳೆಯರೇ 1959ರಲ್ಲಿ ಆಮ್ವೇ ಕಟ್ಟಿದರು. ಅದು ಪಿರಮಿಡ್ಡೋ, ಅಂದರೆ ಮಾಲಿಗಿಂತ ಜನರನ್ನು ಸೇರಿಸುವುದರಿಂದಲೇ ದುಡ್ಡು ಮಾಡುವ ಯೋಜನೆಯೋ, ಅಲ್ಲವೋ ಅಂತ ಅಲ್ಲಿನ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಟ್ಟಲೆ ವಿಚಾರಣೆ ನಡೆಸಿ 1979ರಲ್ಲಿ ಅಲ್ಲ ಅಂತ ಹೇಳಿತು. ಮಾರಾಟಗಾರ ನಿಜವಾದ ಗಿರಾಕಿಗಳಿಗೆ ಮಾಲು ಮಾರಿರಬೇಕು, ಉಳಿದ ಮಾಲನ್ನು ಅವನಿಂದ ವಾಪಸ್ ತಗೊಳ್ಳಬೇಕು ಎಂಬ ನಿಯಮಗಳು ಆ ಕಂಪನಿಯಲ್ಲಿದ್ದವು ಅನ್ನುವುದು ಅದಕ್ಕೆ ಮುಖ್ಯ ಕಾರಣ. ಹಾಗೆಂದು ಆ ಕಂಪನಿ ಪೂರ್ತಿ ಪಾರಾಗಲಿಲ್ಲ. ಮಾರಾಟಗಾರರು ಇದೇ ಬೆಲೆಗೆ ಮಾರಬೇಕು ಅಂತ ನಿಗದಿ ಮಾಡಿದ್ದು, ಆದಾಯವನ್ನು ಉಬ್ಬಿಸಿ ಹೇಳಿದ್ದು ತಪ್ಪು ಅಂತ ಅದೇ ತೀರ್ಪಿನಲ್ಲಿದೆ. ಆದರೆ ಆ ‘ಅಲ್ಲ’ ಎಂಬ ಒಂದು ಮಾತಿನ ನೆರಳಲ್ಲಿ ಎಷ್ಟೋ ಕಂಪನಿಗಳು ಬೆಳೆದವು. 1998ರಲ್ಲಿ ಆಮ್ವೇ ಭಾರತದಲ್ಲಿ ವ್ಯಾಪಾರ ಶುರು ಮಾಡಿತು. ಅದನ್ನು ನೋಡಿ ಕಲಿತ ದೇಶಿ ಕಂಪನಿಗಳು, ಯಾವ ಊರಿನವೆಂದು ಗೊತ್ತಾಗದ ಕಂಪನಿಗಳು ಹಿಂದೆಯೇ ಬಂದವು.

ನಮ್ಮಲ್ಲಿಗೆ ಬಂದ ಹೊತ್ತು ಅವರಿಗೆ ಅನುಕೂಲದ್ದೇ ಆಗಿತ್ತು. 2000ದ ನಂತರದ ವರ್ಷಗಳಲ್ಲಿ ಅಡಿಕೆ ಧಾರಣೆ ಬಿದ್ದಿತ್ತು. ಓದಿದವರು ಬೆಂಗಳೂರಿಗೆ ಹೋಗಿದ್ದರು. ಡಿಗ್ರಿ ಮುಗಿಸಿಯೂ ತೋಟ ನೋಡಿಕೊಂಡು ಮನೆಯಲ್ಲೇ ಉಳಿದ ಹುಡುಗರಿಗೆ ಮದುವೆಗೆ ಹೆಣ್ಣು ಸಿಗುವುದು ಕಷ್ಟವಾಗತೊಡಗಿತ್ತು. ‘ಮಾಣಿ ಎಂತ ಮಾಡ್ತಾ?’ ಎಂಬ ಪ್ರಶ್ನೆಗೆ ಅವರ ಹತ್ತಿರ ಗತ್ತಿನ ಉತ್ತರ ಇರಲಿಲ್ಲ. ಅಂಥವರಿಗೆ ಚೈನ್ ಲಿಂಕಿನವರು ಮೊದಲು ಕೊಟ್ಟಿದ್ದು ದುಡ್ಡಲ್ಲ, ವಿಸಿಟಿಂಗ್ ಕಾರ್ಡು. ಹುಬ್ಬಳ್ಳಿಯ ಹೋಟೆಲಿನ ಹಾಲಿನಲ್ಲಿ ನಡೆಯುವ ಸೆಮಿನಾರಿಗೆ ಹೋದರೆ ಎಲ್ಲರೂ ಇವರನ್ನು ‘ಸರ್’ ಅನ್ನುತ್ತಿದ್ದರು. ವೇದಿಕೆ ಹತ್ತಿಸಿ ಚಪ್ಪಾಳೆ ಹೊಡೆಯುತ್ತಿದ್ದರು. ಮೇ ತಿಂಗಳ ಶಿರಸಿಯ ಬಿಸಿಲಿನಲ್ಲಿ ಟೈ ಕಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು ನೋಡಿ ನಾವು ನಕ್ಕಿದ್ದೇವೆ. ಈಗ ನಗು ಬರುವುದಿಲ್ಲ. ಊರು ಕೊಡದ ಮರ್ಯಾದೆ ಅಲ್ಲಿ ಎರಡು ದಿನಕ್ಕಾದರೂ ಸಿಗುತ್ತಿತ್ತು.

ಹೆಂಗಸರ ವಿಷಯವೂ ಹೀಗೇ. ತೋಟದ ದುಡ್ಡು ಗಂಡನ ಹೆಸರಿನ ಖಾತೆಗೆ ಬರುತ್ತದೆ. ತನ್ನ ಹೆಸರಿಗೇ ಬಂದ ಕಂಪನಿಯ ಚೆಕ್ಕನ್ನು, ಅದು ಮುನ್ನೂರೇ ರೂಪಾಯಿ ಇರಲಿ, ಜೆರಾಕ್ಸ್ ಮಾಡಿಸಿ ಇಟ್ಟುಕೊಂಡ ಅತ್ತಿಗೆಯೊಬ್ಬರು ನಮ್ಮ ಬಳಗದಲ್ಲಿದ್ದಾರೆ. ಆ ಮುನ್ನೂರಕ್ಕೆ ಅವರು ಎಷ್ಟು ಸಾವಿರದ ಮಾಲು ಕೊಂಡಿದ್ದರು ಅಂತ ಕೇಳುವ ಧೈರ್ಯ ನನಗಿಲ್ಲ.

ಆದರೆ ಚೈನ್ ಲಿಂಕಿನವರಿಗೆ ಅತಿ ಬೇಕಾದವರು ಹುಡುಗರೂ ಅಲ್ಲ, ಹೆಂಗಸರೂ ಅಲ್ಲ. ಪಿಗ್ಮಿಯವರು, ಅಂದರೆ ದಿನಾ ಬಂದು ಪಿಗ್ಮಿ ಠೇವಣಿ ಸಂಗ್ರಹಿಸುವವರು. ಪಿಗ್ಮಿ ಅನ್ನುವುದು ನಮ್ಮ ಕರಾವಳಿಯದ್ದೇ ಹುಟ್ಟು. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಲು ಶುರು ಮಾಡಿದ ಠೇವಣಿ ಅದು. ಕುಮಟಾ, ಅಂಕೋಲಾ, ಹೊನ್ನಾವರದ ಪೇಟೆಯಲ್ಲಿ ಇವತ್ತಿಗೂ ಮೀನು ಮಾರುವ ಹೆಂಗಸರಿಂದ ಬಂಗಾರದ ಅಂಗಡಿಯವರೆಗೆ ಎಲ್ಲರೂ ಪಿಗ್ಮಿ ಕಟ್ಟುತ್ತಾರೆ. ದಿನಾ ಸಂಜೆ ಬರುವ ಈ ಮನುಷ್ಯನ ಕೈಗೆ ಯಾರೂ ಎರಡನೇ ಸಲ ಯೋಚಿಸದೆ ದುಡ್ಡು ಕೊಡುತ್ತಾರೆ. ಯಾರ ಮಗಳ ಮದುವೆ ಯಾವಾಗ, ಯಾರ ಠೇವಣಿ ಯಾವಾಗ ಮುಗಿಯುತ್ತದೆ, ಎಲ್ಲ ಅವನಿಗೆ ಗೊತ್ತು. ಇಂಥವನೊಬ್ಬ ನಿಮ್ಮ ಡೌನ್‌ಲೈನಿಗೆ, ಅಂದರೆ ನೀವು ಸೇರಿಸಿದವರ ಸಾಲಿಗೆ, ಬಂದರೆ ಪಟ್ಟಿ ಬರೆಯುವ ಕೆಲಸವೇ ಇಲ್ಲ. ಪಟ್ಟಿ ಅವನ ಕಿಸೆಯಲ್ಲೇ ಇದೆ. ಎಲ್ಲ ಪಿಗ್ಮಿಯವರೂ ಸೇರಿದರು ಅಂತಲ್ಲ. ಸೇರಿದವರಲ್ಲಿ ಕೆಲವರಿಗೆ ಆಮೇಲೆ ಪಿಗ್ಮಿ ಸಂಗ್ರಹವೂ ಕಷ್ಟವಾಯಿತು. ಹತ್ತಾರು ವರ್ಷದಲ್ಲಿ ಗಳಿಸಿದ ನಂಬಿಕೆಯನ್ನು ಅವರು ಒಂದು ಹಾಸಿಗೆ ಮಾರಿ ಕಳೆದುಕೊಂಡಿದ್ದರು.

ಹಾಸಿಗೆ ಅಂದರೆ ಮ್ಯಾಗ್ನೆಟ್ ಹಾಸಿಗೆ. ಸೊಂಟನೋವಿನಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಎಲ್ಲವೂ ಹೋಗುತ್ತದೆ ಎಂದು ಮಾರಿದರು. ಆಮೇಲೆ ನೀರಿನ ಮೇಲೆ ಇಡುವ ಗಾಜಿನ ಬಿಲ್ಲೆ, ಚಿನ್ನದ ನಾಣ್ಯ, ಒಂದೇ ಹನಿಗೆ ಬಕೆಟ್ ತುಂಬ ನೊರೆ ಬರುವ ಸೋಪಿನ ದ್ರಾವಣ, ಬಟ್ಟೆಯ ಅಂಟು ಬಿಡಿಸುವ ಟೂತ್‌ಪೇಸ್ಟ್. (ಬಟ್ಟೆಯ ಅಂಟು ಬಿಡಿಸುವುದನ್ನು ಬಾಯಿಗೆ ಯಾಕೆ ಹಾಕಿಕೊಳ್ಳಬೇಕು ಅಂತ ನಮ್ಮ ಆಯಿ ಕೇಳಿದ್ದಕ್ಕೆ ಬಂದವರ ಹತ್ತಿರ ಉತ್ತರ ಇರಲಿಲ್ಲ.) ನನಗೆ ಮಾತ್ರ ಎಲ್ಲಕ್ಕಿಂತ ಮಜವಾಗಿ ಕಂಡಿದ್ದು ನೋನಿ ಜ್ಯೂಸು. ನೋನಿ ನಮ್ಮ ಕರಾವಳಿಯಲ್ಲೂ ಬೆಳೆಯುವ ಮರ. ಹಣ್ಣು ಬಿದ್ದು ಕೊಳೆತು ನಾರುತ್ತದೆ, ಅದನ್ನು ಹೆಕ್ಕುವವರನ್ನು ನಾನು ಕಂಡಿಲ್ಲ. ಬಾಟಲಿಗೆ ಸಾವಿರ ರೂಪಾಯಿ ಕೊಟ್ಟು ದಕ್ಷಿಣ ಸಮುದ್ರದ ಯಾವುದೋ ದ್ವೀಪದ ಅದೇ ಹಣ್ಣಿನ ರಸ ಕುಡಿದರು. ಅದೂ ಎಲ್ಲಿ? ಪಿತ್ತಕ್ಕೆ ಮುರುಗಲ ಸಾರು, ನೆಗಡಿಗೆ ಕಷಾಯ ಅಂತ ದಿನಕ್ಕೆರಡು ಸಲ ಸಲಹೆ ಕೊಡುವ ಜಿಲ್ಲೆಯಲ್ಲಿ.

ಯಾಕೆ ಕೊಂಡರು ಅಂದರೆ, ಮಾಲನ್ನು ನೋಡಿ ಅಲ್ಲ. ತಂದವರ ಮುಖ ನೋಡಿ. ಮನೆಗೆ ಬಂದವರು ಸೋದರಮಾವ. ಆಸರಿಗೆ ಕುಡಿದು, ತೋಟದ ಸುದ್ದಿ ಮಾತಾಡಿ, ಕೊಳೆರೋಗದ ಕತೆ ಹೇಳಿ, ಎದ್ದು ಹೊರಡುವ ಹೊತ್ತಿಗೆ ಬ್ಯಾಗಿನಿಂದ ಬಾಟಲಿ ತೆಗೆದರೆ ಬೇಡ ಅನ್ನುವುದು ಹೇಗೆ? ನಾಳೆ ಅಡಿಕೆಯ ಕೊನೆಕೊಯ್ಲಿಗೆ ಅವರ ಮನೆಯಿಂದಲೇ ಜನ ಬರಬೇಕು. ಹೋದ ವರ್ಷ ಆಸ್ಪತ್ರೆಗೆ ಹೋಗಲು ಅವರದೇ ಜೀಪು ಬಂದಿತ್ತು. ಅವರು ಮಾರಲಿಕ್ಕೆ ಬಂದದ್ದು ಟೂತ್‌ಪೇಸ್ಟು, ಖರ್ಚು ಮಾಡಿದ್ದು ಆ ಜೀಪಿನ ಋಣ. ನಾನೂ ಕೊಂಡಿದ್ದೇನೆ. ಪೇಸ್ಟು ಚೆನ್ನಾಗಿಯೇ ಇತ್ತು. ಬೆಲೆ ಮಾತ್ರ ಅಂಗಡಿಯದರ ಮೂರುಪಟ್ಟು.

ಪೇಟೆಯಿಂದ ಬಂದ ಕಂಪನಿಯೊಂದು ಈ ಋಣವನ್ನು ತನ್ನ ಬಂಡವಾಳ ಮಾಡಿಕೊಂಡಿತ್ತು. ಅದಕ್ಕೆ ಅಂಗಡಿ ಬೇಡ, ಜಾಹೀರಾತು ಬೇಡ. ನಮ್ಮಲ್ಲಿ ತಲೆಮಾರುಗಳಿಂದ ಕೂಡಿಟ್ಟ ಕೊಡುಕೊಳ್ಳುವಿಕೆ ಇತ್ತಲ್ಲ, ಅದರ ಮೇಲೆ ನಡೆಯಿತು. 1923ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದೂ ಇದೇ ನಂಬಿಕೆಯ ಮೇಲೆ. ಆದರೆ ಅಲ್ಲಿ ನೀವು ಒಯ್ದದ್ದು ಅಡಿಕೆ. ಅದನ್ನು ಕೊಳ್ಳುವ ವ್ಯಾಪಾರಿ ಹೊರಗಿನವನು. ಹೊರಗಿನ ದುಡ್ಡು ಊರೊಳಗೆ ಬರುತ್ತದೆ. ಚೈನ್ ಲಿಂಕಿನಲ್ಲಿ ಊರಿನ ದುಡ್ಡೇ ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗಿ, ಪ್ರತಿ ಸಲವೂ ಒಂದು ಪಾಲು ಘಟ್ಟ ಇಳಿದೋ ಹತ್ತಿಯೋ ಹೊರಟುಹೋಗುತ್ತಿತ್ತು.

ಇಲ್ಲಿ ವೆನಿಲ್ಲಾ ನೆನಪಾಗದೇ ಇರುವುದಿಲ್ಲ. ಅದೂ ಅದೇ ವರ್ಷಗಳ ಹುಚ್ಚು. ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಬಂತು, ಅಲ್ಲಿನ ವೆನಿಲ್ಲಾ ಹಾಳಾಯಿತು, ಇಲ್ಲಿ ಧಾರಣೆ ಏರಿತು. 2003ರ ಆಸುಪಾಸಿನಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ದಾಟಿದ್ದನ್ನು ನೆನಪಿಟ್ಟವರು ಶಿರಸಿ, ಸಿದ್ದಾಪುರದಲ್ಲಿ ಇನ್ನೂ ಇದ್ದಾರೆ. ರಾತ್ರಿ ತೋಟದಲ್ಲಿ ಬ್ಯಾಟರಿ ಹಿಡಿದು ಕಾವಲು ಕೂರುತ್ತಿದ್ದರು. ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗಸ್ಪರ್ಶ ಮಾಡುತ್ತಿದ್ದರು. ಆದರೆ ನಿಜವಾಗಿ ದುಡ್ಡು ಮಾಡಿದವರು ಯಾರು? ಕೋಡು ಬೆಳೆದು ಮಾರಿದವರು ಸ್ವಲ್ಪ ಜನ. ಬಳ್ಳಿಯ ತುಂಡು ಮಾರಿದವರು ಜಾಸ್ತಿ. ಮೀಟರಿಗೆ ಇಷ್ಟು ಅಂತ ಬಳ್ಳಿ ಕತ್ತರಿಸಿ ಮಾರುವುದೇ ದೊಡ್ಡ ವ್ಯಾಪಾರವಾಗಿತ್ತು. ಬಳ್ಳಿ ಕೊಂಡವನೂ ಮುಂದಿನ ವರ್ಷ ಬಳ್ಳಿ ಮಾರುವ ಲೆಕ್ಕದಲ್ಲೇ ಇರುತ್ತಿದ್ದ. ವೆನಿಲ್ಲಾ ಫಸಲಿಗೆ ಬರಲು ಮೂರು ವರ್ಷ ಬೇಕು. ಕೊನೆಗೆ ನೆಟ್ಟವರ ಬಳ್ಳಿಯಲ್ಲಿ ಕೋಡು ಬಿಡುವ ಹೊತ್ತಿಗೆ ಧಾರಣೆ ನೆಲ ಕಚ್ಚಿತ್ತು.

ಹಾಗೆಂದು ವೆನಿಲ್ಲಾವನ್ನು ನಾನು ಚೈನ್ ಲಿಂಕಿನ ಪಕ್ಕ ಪೂರ್ತಿ ಸಮ ಕೂರಿಸುವುದಿಲ್ಲ. ಅದರಲ್ಲಿ ಯಾರೂ ಬೇಕಂತ ಮೋಸ ಮಾಡಿರಲಿಲ್ಲ. ನಿಜವಾದ ಬೆಳೆ, ನಿಜವಾದ ಮಾರುಕಟ್ಟೆ, ಐಸ್‌ಕ್ರೀಮಿನವರಿಗೆ ನಿಜವಾಗಿಯೂ ಬೇಕಾದ ವಸ್ತು. ನಷ್ಟವಾದಾಗ ನಾಲ್ಕು ಜನ ಕಟ್ಟೆಯ ಮೇಲೆ ಕೂತು ಮಡಗಾಸ್ಕರಿಗೆ ಬೈದರು, ಅಷ್ಟೇ. ಚೈನ್ ಲಿಂಕಿನಲ್ಲಿ ನಷ್ಟವಾದವನಿಗೆ ಬೈಯಲು ಮಡಗಾಸ್ಕರ್ ಇರಲಿಲ್ಲ. ತನ್ನನ್ನು ಸೇರಿಸಿದ ಷಡ್ಡಕ ಇದ್ದ.

ಪ್ಲಾನ್ ತೋರಿಸುವವರು ಬೋರ್ಡಿನ ಮೇಲೆ ಬರೆಯುತ್ತಿದ್ದ ವೃತ್ತಗಳಿಗೆ ಬರೋಣ. ನೀವು ಆರು ಜನರನ್ನು ಸೇರಿಸಿ, ಆ ಆರು ಜನ ತಲಾ ಆರು ಜನರನ್ನು ಸೇರಿಸಲಿ. ಆರು, ಮೂವತ್ತಾರು, 216, 1,296. ಸಾಮಾನ್ಯವಾಗಿ ಇಲ್ಲಿಗೆ ಚಾಕ್‌ಪೀಸ್ ಇಡುತ್ತಿದ್ದರು. ಮುಂದೆ ಬರೆದಿದ್ದರೆ 7,776, ಆಮೇಲೆ 46,656, ಆಮೇಲೆ 2,79,936. ಎಂಟನೇ ಸಾಲಿಗೆ 16,79,616 ಜನ ಬೇಕು. 2011ರ ಜನಗಣತಿ ಪ್ರಕಾರ ಇಡೀ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಅಂದರೆ ಭಟ್ಕಳದಿಂದ ಜೋಯಿಡಾದವರೆಗೆ ತೊಟ್ಟಿಲಲ್ಲಿರುವ ಮಕ್ಕಳನ್ನೂ ಸೇರಿಸಿದರೂ ಎಂಟನೇ ಸಾಲು ತುಂಬುವುದಿಲ್ಲ. ಇದು ಎಲ್ಲರ ಪಟ್ಟಿ ಬೇರೆ ಬೇರೆ ಇದ್ದರೆ ಬರುವ ಲೆಕ್ಕ. ನಮ್ಮಲ್ಲಿ ಪಟ್ಟಿ ಒಂದೇ ಆದ್ದರಿಂದ ಎಂಟನೇ ಸಾಲಿನ ಮಾತು ಬಿಡಿ, ಮೂರನೆಯದರಲ್ಲೇ ತಿಣುಕಾಟ ಶುರುವಾಯಿತು. ಅರವತ್ತು ಮನೆಯ ಊರಿನಲ್ಲಿ ಇಬ್ಬರು ಅಪ್‌ಲೈನ್, ಅಂದರೆ ಬೇರೆಯವರನ್ನು ಸೇರಿಸಿಕೊಂಡ ಮೇಲಿನವರು, ಆದರೆ ಮೂರನೆಯವನಿಗೆ ಉಳಿಯುವುದು ದೇವಸ್ಥಾನದ ಭಟ್ಟರು ಮಾತ್ರ. ಅವರೂ ಅಷ್ಟರಲ್ಲಿ ಬೇರೆ ಕಂಪನಿಗೆ ಸೇರಿರುತ್ತಿದ್ದರು.

ಕಾರವಾರದ ಕತೆ ಸ್ವಲ್ಪ ಬೇರೆ. ಅಲ್ಲಿನ ಗೆಳೆಯನೊಬ್ಬ ಹೇಳುವ ಹಾಗೆ ಆ ಕಡೆ ಇದು ಜಾಸ್ತಿ ವರ್ಷ ನಡೆಯಿತು. ನನಗೆ ಕಾಣುವ ಕಾರಣ ಇಷ್ಟೇ. ಕೈಗಾ ಅಣುಸ್ಥಾವರ, 2005ರಲ್ಲಿ ಶುರುವಾದ ನೌಕಾನೆಲೆ, ಇವುಗಳಿಂದಾಗಿ ಬೇರೆ ಬೇರೆ ರಾಜ್ಯದ ಕುಟುಂಬಗಳು ಬಂದು ನೆಲೆಸಿವೆ. ಹಳೆಯ ಕಾರವಾರಿಗರಿಗೂ ಕಾಳಿ ನದಿಯ ಆಚೆ ಗೋವಾದ ತನಕ ನೆಂಟಸ್ತಿಕೆ ಇದೆ. ಅಲ್ಲಿ ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಯಂತೆ ಇರುವುದಿಲ್ಲ. ಒಂದು ಕಡೆ ಬತ್ತಿದರೆ ಇನ್ನೊಂದು ಕಡೆ ಚಿಗುರುತ್ತದೆ. ಘಟ್ಟದ ಮೇಲಿನ ಹಳ್ಳಿಗಳಿಗೆ ಆ ಸೌಲಭ್ಯ ಇರಲಿಲ್ಲ. ಒಳ್ಳೆಯದೇ ಆಯಿತು.

ಇಳಿತ ಬಂದದ್ದು ಜಗಳವಾಗಿ ಅಲ್ಲ, ತಪ್ಪಿಸಿಕೊಳ್ಳುವಿಕೆಯಾಗಿ. ‘ಒಂದು ವಿಷ್ಯ ಇತ್ತು, ಫೋನಲ್ಲಿ ಹೇಳೂದಲ್ಲ, ಬಂದೇ ಹೇಳ್ತೆ’ ಅಂತ ಕುಮಟಾದಿಂದ ಫೋನು ಬಂದರೆ ಸಾಕು, ಮನೆಯ ಯಜಮಾನ ಅವತ್ತು ತೋಟದ ಕೆಳಗಿನ ತುದಿಯಲ್ಲಿ ಇರುತ್ತಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ ಕೆಲವರ ಪಕ್ಕದ ಎಲೆ ಖಾಲಿ ಉಳಿಯತೊಡಗಿತು. ಆಚೆ ಮನೆಯ ಮಾವನನ್ನು ಕಂಡರೆ ದಾರಿ ಬದಲಿಸುವ ಹೊಸ ಅಭ್ಯಾಸ ನಮ್ಮ ಊರಿಗೆ ಬಂತು. ಮೊದಲೂ ಜನ ದಾರಿ ಬದಲಿಸುತ್ತಿದ್ದರು, ಆದರೆ ಗಡಿ ತಕರಾರಿಗೆ, ದಾಯಾದಿ ಮತ್ಸರಕ್ಕೆ. ಒಳ್ಳೆಯ ಮನುಷ್ಯರನ್ನು ಕಂಡು ಓಡಿದ್ದು ಇದೇ ಮೊದಲು. ಅಷ್ಟರಲ್ಲಿ ಪೇಟೆಯಲ್ಲಿ ಸೂಪರ್ ಮಾರ್ಕೆಟ್ಟುಗಳು ಬಂದವು. ಕಪಾಟಿನಲ್ಲಿ ಹತ್ತು ಬಗೆಯ ಪೇಸ್ಟು, ಹತ್ತರ ಮೇಲೂ ಬೆಲೆ. ಫೋನಿಗೆ ಇಂಟರ್ನೆಟ್ ಬಂತು. ಕಂಪನಿಯ ಹೆಸರು ಹಾಕಿ ಹುಡುಕಿದರೆ ಪೊಲೀಸ್ ಕೇಸಿನ ಸುದ್ದಿ ಮೊದಲು ಸಿಗುತ್ತಿತ್ತು.

ಕಾನೂನಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ದುಡ್ಡು ಸುತ್ತಿಸುವ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1978ರಿಂದಲೇ ಇದೆ. ಅದರ ಮೂರನೇ ಕಲಮಿನ ಪ್ರಕಾರ ಅಂಥ ಯೋಜನೆ ನಡೆಸುವುದು ಮಾತ್ರವಲ್ಲ, ಸದಸ್ಯನಾಗಿ ಸೇರುವುದೂ ತಪ್ಪು. ಹೀಗಾಗಿ ದುಡ್ಡು ಕಳೆದುಕೊಂಡವನು ದೂರು ಕೊಡಲು ಎರಡು ಸಲ ಯೋಚಿಸಬೇಕು, ತಾನೂ ನಾಲ್ಕು ಜನರನ್ನು ಸೇರಿಸಿದವನೇ ಅಲ್ವಾ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆಂದೇ ನಿಯಮ ತಂದಿತು. ಸೇರಲು ಶುಲ್ಕ ತಗೊಳ್ಳುವಂತಿಲ್ಲ, ಪಿರಮಿಡ್ ಯೋಜನೆ ನಡೆಸುವಂತಿಲ್ಲ. ಅದರಲ್ಲಿ ಒಂದು ಷರತ್ತು ನನಗೆ ಬಹಳ ಇಷ್ಟ. ಮಾರಾಟಗಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ. ಸೋದರಮಾವ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು, ಅಪಾಯಿಂಟ್‌ಮೆಂಟ್ ತಗೊಂಡು ನಮ್ಮನೆ ಜಗಲಿ ಹತ್ತುವುದನ್ನು ಸುಮ್ನೆ ಕಲ್ಪಿಸಿಕೊಂಡೆ. ನಮ್ಮಲ್ಲಿ ಕರೆಂಟ್ ಬಿಲ್ಲಿನವರೂ ಹಾಗೆ ಬರುವುದಿಲ್ಲ.

ಮಾರಿದವರಿಗೆ ಏನು ದಕ್ಕಿತು ಅನ್ನುವುದಕ್ಕೆ ನಮ್ಮ ಜಿಲ್ಲೆಯ ಲೆಕ್ಕ ಯಾರೂ ಇಟ್ಟಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ವಿವರಗಳನ್ನು ತೆಗೆದು ನೋಡಿತು. ಸೇರಿದವರಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಸಿಕ್ಕಿದ್ದು ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅದೂ ಖರ್ಚು ಕಳೆಯುವ ಮೊದಲಿನ ಲೆಕ್ಕ. ನಮ್ಮ ಕಡೆಯ ಖರ್ಚು ಗೊತ್ತಲ್ಲ. ಹುಬ್ಬಳ್ಳಿಯ ಬಸ್ಸು, ಊಟ, ಸೆಮಿನಾರಿನ ಟಿಕೆಟ್ಟು, ಮಾತು ಕಲಿಸುವ ಸಿ.ಡಿ., ಪಾಯಿಂಟ್ ಕಡಿಮೆ ಬಿದ್ದ ತಿಂಗಳು ತಾನೇ ಕೊಂಡ ಸೋಪು. ‘ಸಿಲ್ವರ್’ ಆದ ಹುಡುಗನೊಬ್ಬ ಆ ದರ್ಜೆ ಉಳಿಸಿಕೊಳ್ಳಲು ಸೊಸೈಟಿಯಲ್ಲಿ ಬೆಳೆಸಾಲ ತೆಗೆದಿದ್ದು ನನಗೆ ಗೊತ್ತು. ಅವನು ಈಗ ಗೊನೆ ಕೊಯ್ಯುವ ದೋಟಿಯ ಕೆಲಸ ಕಲಿತು ಗುತ್ತಿಗೆ ಹಿಡಿಯುತ್ತಾನೆ. ಕೊನೆಕೊಯ್ಲಿನ ಸಮಯದಲ್ಲಿ ಅವನ ಫೋನಿಗೆ ನಾವೇ ಸಾಲುಗಟ್ಟಿ ಕರೆ ಮಾಡುತ್ತೇವೆ, ಅವನು ಎತ್ತುವುದಿಲ್ಲ.

ಈಗ ಮನೆಗೆ ಯಾರೂ ಬ್ಯಾಗ್ ಹಿಡಿದು ಬರುವುದಿಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ಯಾರೋ ಸೇರಿಸುತ್ತಾರೆ. ವಿಡಿಯೋ ಲೈಕ್ ಮಾಡಿದರೆ ಐವತ್ತು ರೂಪಾಯಿ, ಹೋಟೆಲಿಗೆ ರೇಟಿಂಗ್ ಕೊಟ್ಟರೆ ನೂರು. ಮೊದಲು ಎರಡು ಸಲ ನಿಜವಾಗಿಯೂ ದುಡ್ಡು ಬರುತ್ತದೆ, ಆಮೇಲೆ ದೊಡ್ಡ ಮೊತ್ತ ಕಟ್ಟಿ ಅನ್ನುತ್ತಾರೆ. ಹಳೆಯ ಚೈನ್ ಲಿಂಕಿನವರೇ ಇದನ್ನು ನೋಡಿ ‘ಇದೆಂಥ ಮಾರಾಯ, ಮುಖಾನೇ ಕಾಣೂದಿಲ್ವಲ್ಲ’ ಅಂತಾರೆ. ಅವರು ಹೇಳುವುದರಲ್ಲಿ ಹುರುಳಿದೆ. ಮುಖ ನೋಡಿ ದುಡ್ಡು ಹೋಗಿದ್ದು ಹೌದು. ಆದರೆ ವಾಪಸ್ ಕೇಳಲೂ ಒಂದು ಮುಖ ಇತ್ತು.

ಕುಮಟಾದ ನಮ್ಮ ಚಿಕ್ಕಮ್ಮ ಹಾಗೆ ಕೇಳಿ ತಂದವರು. ಮ್ಯಾಗ್ನೆಟ್ ಹಾಸಿಗೆಗೆ ಕೊಟ್ಟ ಮುಂಗಡ ವಾಪಸ್ ಬರಲಿಲ್ಲ ಅಂತ ಬೆಳಿಗ್ಗೆ ಎಂಟಕ್ಕೆ ಅಪ್‌ಲೈನಿನವರ ಮನೆಗೆ ಹೋಗಿ ಜಗಲಿಯಲ್ಲಿ ಕೂತರು. ಬೈಯಲಿಲ್ಲ, ಕೂಗಲಿಲ್ಲ. ಚಾ ಕೊಟ್ಟರು, ಕುಡಿದರು. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರು, ಉಂಡರು, ಬಂದು ಮತ್ತೆ ಅಲ್ಲೇ ಕೂತರು. ಮೂರು ಗಂಟೆಗೆ ಮನೆಯ ಯಜಮಾನರು ಸ್ಕೂಟರ್ ಹತ್ತಿ ಹೋಗಿ ಎಲ್ಲಿಂದಲೋ ದುಡ್ಡು ತಂದು ಕೈಗೆ ಕೊಟ್ಟರು. ಚಿಕ್ಕಮ್ಮ ಈ ಕತೆಯನ್ನು ಇವತ್ತಿಗೂ ಹೇಳುತ್ತಾರೆ. ದುಡ್ಡಿನ ಸುದ್ದಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಮೇಲೆ ಅವತ್ತಿನ ಊಟದ ತಂಬುಳಿಯ ಬಗ್ಗೆ ಶುರು ಮಾಡುತ್ತಾರೆ. ಉಪ್ಪು ಜಾಸ್ತಿಯಾಗಿತ್ತಂತೆ, ಆದರೂ ಎರಡು ಸಲ ಹಾಕಿಸಿಕೊಂಡರಂತೆ.